ಅರವತ್ತು ಎಂದಿಟ್ಟುಕೊಂಡವಳು

ಆಸ್ಪತ್ರೆಯಲ್ಲಿ ಎಲ್ಲರೂ ಅರವತ್ತಕ್ಕ ಎಂದೇ ಕರೆಯುತ್ತಿದ್ದ ಆ ಹಿರಿಯ ನರ್ಸಿಗೆ ಅರವತ್ತಾಗಲು ಇನ್ನೂ ಏಳು ವರ್ಷ ಬಾಕಿಯಿತ್ತು. ಬಲಗಾಲನ್ನು ತುಸು ಎಳೆಯುತ್ತ, ಬೇಸಿಗೆಯಲ್ಲೂ ಕಳಚದ ಬೂದು ಸ್ವೆಟರಿನ ಜೇಬಿನಲ್ಲಿ ಮೋಟು ಪೆನ್ಸಿಲು ಸಿಕ್ಕಿಸಿಕೊಂಡು ಆಕೆ ವರಾಂಡದಲ್ಲಿ ಕಂಡರೆ ಸಾಕು, ಭಿನ್ನರಾಶಿಯೆಂದರೆ ಬೆವರುವ ತರಬೇತಿಯ ಹುಡುಗಿಯರು ಪುಸ್ತಕ ಹಿಡಿದು ಮುತ್ತಿಕೊಳ್ಳುತ್ತಿದ್ದರು. ರೋಗಿಗಳಲ್ಲಿ ಕಾಲುಭಾಗ ಶಸ್ತ್ರಚಿಕಿತ್ಸೆಯವರು, ಅವರಲ್ಲಿ ಮೂರನೇ ಒಂದು ಭಾಗ ಸಕ್ಕರೆ ಕಾಯಿಲೆಯವರು. ಹಾಗಾದರೆ ಒಟ್ಟಿನಲ್ಲಿ ಅಂಥವರ ಪಾಲೆಷ್ಟು?

"ಅರವತ್ತು ಜನ ಅಂತ ಇಟ್ಕೊಳ್ಳಿ. ಕಾಲು ಅಂದ್ರೆ ಹದಿನೈದು, ಅದ್ರಲ್ಲಿ ಮೂರನೇ ಒಂದು ಐದು. ಅರವತ್ತಕ್ಕೆ ಐದು, ಹನ್ನೆರಡಕ್ಕೆ ಒಂದು. ಮುಗೀತಲ್ಲ?"

ಅರವತ್ತೇ ಏಕೆಂದು ಸ್ಟೋರಿನ ಗುಮಾಸ್ತನಾದ ನಾನು ಒಮ್ಮೆ ಕೆಣಕಿದ್ದೆ. ಅರ್ಧ, ಮೂರನೇ ಒಂದು, ಐದನೇ ಒಂದು, ಯಾರು ಬಂದು ಪಾಲು ಕೇಳಿದರೂ ಇಲ್ಲವೆನ್ನದ ಸಂಖ್ಯೆ ಅದು ಎಂದಳು. ಆಕೆಯೂ ಹಾಗೆಯೇ ಇದ್ದಳು. ಯಾರ ಪಾಳಿಯನ್ನಾದರೂ ತಲೆಯ ಮೇಲೆ ಎಳೆದುಕೊಳ್ಳುವಳು.

ಹಾಗೆ ಎರಡು ಪಾಳಿ ಸತತವಾಗಿ ದುಡಿದಿದ್ದ ಒಂದು ಬೆಳಿಗ್ಗೆ, ಎಂಟು ಗಂಟೆಗೆ, ಆಕ್ಸಿಜನ್ ಎಷ್ಟಿದೆಯೆಂದು ಡಾಕ್ಟರು ಕೇಳಿದರು. ಹಿಂದಿನ ದಿನ ಬಂದ ಸಿಲಿಂಡರುಗಳಲ್ಲಿ ಮೂರನೇ ಒಂದು ಭಾಗ ಖರ್ಚಾಗಿತ್ತು, ಉಳಿದದ್ದರಲ್ಲಿ ಕಾಲುಭಾಗ ಹೆರಿಗೆ ವಾರ್ಡಿಗೆ ಹೋಗಿತ್ತು. ಆಕೆಯ ತುಟಿ ಅಲುಗಿತು: ಅರವತ್ತು, ನಲವತ್ತು, ಮೂವತ್ತು. ಮೂವತ್ತಿದೆ ಎಂದಳು. ಗಂಟೆಗೆ ಎರಡು ಖರ್ಚಾದರೂ ಬೇಕಾದಷ್ಟಾಯಿತು, ಸಿಲಿಂಡರಿನ ಲಾರಿ ಎಂದಿನಂತೆ ಸಂಜೆ ಆರಕ್ಕೇ ಬರಲಿ ಎಂದು ಡಾಕ್ಟರು ನಡೆದರು.

ಆಮೇಲೆ ವಾರ್ಡಿಗೆ ಒಟ್ಟಿಗೇ ಒಯ್ದಿದ್ದ ಎಂಟು ಸಿಲಿಂಡರು ಹನ್ನೆರಡಕ್ಕೆ ಮುಗಿದವೆಂದು ವಾರ್ಡಿನವರು ಹೇಳಿಕಳಿಸಿದಾಗ, ಮಧ್ಯಾಹ್ನದ ಪಾಳಿಗೆ ಆಗಷ್ಟೇ ಬಂದಿದ್ದ ನಾನು ಸ್ಟೋರಿನ ಬಾಗಿಲು ತೆಗೆದೆ. ಅಲ್ಲಿ ನಿಂತಿದ್ದದ್ದು ನಾಲ್ಕೇ ನಾಲ್ಕು. ಇನ್ನೂ ಮನೆಗೆ ಹೋಗದಿದ್ದ ಅರವತ್ತಕ್ಕನನ್ನು ಕೂಗಿ ಕರೆದೆ. ಬಂದವಳು ಬರಿದಾದ ನೆಲದತ್ತ ಬೆರಳು ಚಾಚಿ ಎಣಿಸತೊಡಗಿದಳು, ಉಳಿದ ಹದಿನೆಂಟು ಎಲ್ಲೋ ಮರೆಯಲ್ಲಿರಬಹುದು ಎಂಬಂತೆ.

"ನಿನ್ನೆ ಬಂದಿದ್ದು ಎಷ್ಟು, ತಮ್ಮಾ?"

"ಇಪ್ಪತ್ನಾಲ್ಕು, ಅಕ್ಕ."

ಆಕೆ ಚಾಚಿದ ಬೆರಳನ್ನು ಮಡಚಿಕೊಂಡಳು. "ಅರವತ್ತು ಅಂತ ನಾನೇ ಇಟ್ಕೊಂಡಿದ್ದು," ಎಂದಳು. ಒಳಗೆ ಎಂಟು ಜನ ಆ ಗಾಳಿಯನ್ನೇ ನಂಬಿ ಮಲಗಿದ್ದರು, ಉಳಿದದ್ದು ಎರಡು ಗಂಟೆ.

ತಪ್ಪನ್ನು ತಾನೇ ಹೋಗಿ ಡಾಕ್ಟರಿಗೆ ಹೇಳಿದಳು, ಲಾರಿಗೆ ತಾನೇ ಫೋನು ಮಾಡಿದಳು. ಎರಡಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಲಾರಿ ಬಂತು. ಎಂಟು ಜನವೂ ಉಳಿದರು. ಆಕೆ ಮಾತ್ರ ಸಂಜೆಯವರೆಗೂ ಮಂಚದಿಂದ ಮಂಚಕ್ಕೆ ಕಾಲೆಳೆಯುತ್ತ, ಒಂದು, ಎರಡು ಎಂದು ಅವರನ್ನು ಎಣಿಸುತ್ತಲೇ ಇದ್ದಳು.

ಹುಡುಗಿಯರಿಗೆ ಇಂದಿಗೂ ಅರವತ್ತನ್ನೇ ಹೇಳಿಕೊಡುತ್ತಾಳೆ. ಆದರೆ ಮೊದಲು ನಿಜವಾದ ಸಂಖ್ಯೆಯನ್ನು ಅಂಗೈಯಲ್ಲಿ ಬರೆಸುತ್ತಾಳೆ. ಲೆಕ್ಕದಲ್ಲಿ ಅದಿಲ್ಲದಿದ್ದರೆ ಖಾಲಿ ಅಂಗೈಯನ್ನೇ ಒಮ್ಮೆ ನೋಡಿಕೊಳ್ಳಿ ಎನ್ನುತ್ತಾಳೆ. ಯಾರಿಗೂ ಇಲ್ಲವೆನ್ನಲಾರದ ಜನ ಇಂಥವರು. ಎಲ್ಲರ ಪಾಲೂ ಸರಿಹೋಗುವಂಥ ಒಂದು ಇಡಿಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡೇ ಹಂಚುತ್ತ ಹೋಗುತ್ತಾರೆ. ಆ ಇಡಿ ಉಗ್ರಾಣದಲ್ಲಿಲ್ಲವೆಂದು ಕಂಡ ದಿನ ಅವರಷ್ಟು ಬೆಚ್ಚಿಬೀಳುವವರಿಲ್ಲ. ಆಮೇಲೆ ಪ್ರತಿಯೊಂದನ್ನೂ ಮುಟ್ಟಿ ಎಣಿಸುವವರೂ ಅವರೇ.