ಬೀಗದ ಮೇಲಿನ ಪದ

"ಬಾಯಿಗಿಂತ ಕೈ ಜೋರಾಗಿ ಆಡ್ಲಿ, ಮುಂಡೇರಾ," ಎಂದು ಮೇಸ್ತ್ರಿ ಗದರಿದಾಗ ಆಸ್ಪತ್ರೆಯ ಬಟ್ಟೆ ಒಗೆಯುವ ಆ ಶೆಡ್ಡಿನಲ್ಲಿ ಹಾಡು ನಿಂತಿತು. ಅವನು ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಶುರುವಾಯಿತು.

ಹಾಡು ಕಟ್ಟುವವರು ಇಬ್ಬರು, ಅತ್ತಿಗೆ ಮತ್ತು ನಾದಿನಿ. ರಕ್ತ ಮೆತ್ತಿದ ಹಾಸಿಗೆ ಬಟ್ಟೆಯ ಒಂದೊಂದು ತುದಿ ಹಿಡಿದು ಹಿಂಡುತ್ತಲೇ ಪದ ಜೋಡಿಸುತ್ತಿದ್ದರು, ಜಗಳವಾಡುತ್ತಿದ್ದರು. ನಾದಿನಿಗೆ ಪ್ರಾಸದ ಹುಚ್ಚು. ಪ್ರಾಸ ಕೂಡದಿದ್ದರೆ ಊಟ ಸೇರದು. ಅತ್ತಿಗೆಯ ಲೆಕ್ಕವೇ ಬೇರೆ: ಕೇಳಿದವನಿಗೆ ಚೇಳು ಕಡಿದಂತಾಗಬೇಕು, ಇಲ್ಲದಿದ್ದರೆ ಅದು ಹಾಡಲ್ಲ, ಜೋಗುಳ.

ಆಗಿನ ಹಾಡು ಕಕ್ಕಸಿನ ಬೀಗದ ಮೇಲೆ. ಹೆಂಗಸರು ಅಲ್ಲಿ ಹೊತ್ತು ಕಳೆಯುತ್ತಾರೆಂದು ಶೆಡ್ಡಿನ ಯಜಮಾನರು ಬೀಗ ಜಡಿಸಿ, ಊಟದ ಗಂಟೆಗೆ ಮಾತ್ರ ತೆಗೆಸುತ್ತಿದ್ದರು. ನಾದಿನಿ ತುಂಬು ಬಸುರಿ. ಒಂದು ದಿನ ನಿಂತಲ್ಲೇ ಉಟ್ಟ ಬಟ್ಟೆ ಒದ್ದೆಯಾದಾಗ, ನೀರಿನ ಕೆಲಸ ತಾನೆ, ಯಾರಿಗೆ ಗೊತ್ತಾಗುತ್ತೆ ಎಂದು ಮೇಸ್ತ್ರಿ ನಕ್ಕಿದ್ದ.

ಬಟ್ಟೆ ಒಗೆಯುವ ಹೊಸ ಯಂತ್ರದ ಉದ್ಘಾಟನೆಗೆಂದು ಯಜಮಾನರು ಹೆಸರಾಂತ ಗೀತರಚನೆಕಾರರೊಬ್ಬರನ್ನು ಗೊತ್ತುಮಾಡಿದರು. ಕವಿಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಶೆಡ್ಡಿಗೆ ಬಂದು, ಹೆಂಗಸರ ಹಾಡು ಕೇಳಿ ಕರಗಿಹೋದರು. ಧಾಟಿ ಹಿಡಿಸಿತು, ಮಾತು ಹಿಡಿಸಲಿಲ್ಲ. ಅದೇ ಧಾಟಿಗೆ ದುಡಿಮೆಯ ಆನಂದದ ಮೇಲೆ ನಾಲ್ಕು ನುಡಿ ಬರೆದುಕೊಟ್ಟು, ಸಮಾರಂಭದಲ್ಲಿ ಇದನ್ನೇ ಹಾಡಬೇಕೆಂದರು. ನಿಮಗೆ ಹಾಡು ಹೇಗೆ ಹುಟ್ಟುತ್ತದಮ್ಮ ಎಂದು ಅಕ್ಕರೆಯಿಂದ ವಿಚಾರಿಸಿದರು ಕೂಡ.

"ಉಚ್ಚೆ ಕಟ್ಕೊಂಡಾಗ ಹುಟ್ಟುತ್ತೆ ಸ್ವಾಮಿ," ಎಂದಳು ಅತ್ತಿಗೆ. "ನಿಮಗೆ?"

ಕವಿಗಳು ಯಜಮಾನರ ಕಡೆ ತಿರುಗಿ, ಇವರ ಮಾತಿನಲ್ಲಿ ಮಣ್ಣಿನ ವಾಸನೆ ಇದೆ ಎಂದರು.

ಸಮಾರಂಭದ ದಿನ ಹೆಂಗಸರಿಗೆಲ್ಲ ಒಂದೇ ಬಣ್ಣದ ಬಟ್ಟೆ ತೊಡಿಸಿ ವೇದಿಕೆಯ ಪಕ್ಕ ಬಿಸಿಲಿಗೆ ನಿಲ್ಲಿಸಿದರು. ಕವಿಗಳು ಮೈಕು ಹಿಡಿದು ತಾವು ಹತ್ತಿದ ಮೆಟ್ಟಿಲು, ಗೆದ್ದ ಬಹುಮಾನ, ಒಂದೊಂದು ಸಾಲಿಗೂ ಪಟ್ಟ ಪ್ರಸವವೇದನೆ ಎಲ್ಲವನ್ನೂ ಬಿಡಿಸಿ ಹೇಳತೊಡಗಿದರು. ಊಟದ ಗಂಟೆ ಹೊಡೆಯಬೇಕಾದ ಮೇಸ್ತ್ರಿ ಚಪ್ಪಾಳೆ ತಟ್ಟುತ್ತ ಕೂತಿದ್ದ. ನಾದಿನಿಯ ಉಗುರು ಅತ್ತಿಗೆಯ ತೋಳಿಗೆ ನಾಟಿತು.

"ಅತ್ತಿಗೆ, ಇನ್ನು ತಡೆಯೋಕಾಗಲ್ಲ."

ಅತ್ತಿಗೆ ಹೋಗಿ ಬೀಗದ ಕೈ ಕೇಳಿದಳು. ಮೇಸ್ತ್ರಿ ತಿರುಗಿಯೂ ನೋಡಲಿಲ್ಲ. "ಮೊದ್ಲು ಹಾಡು, ಆಮೇಲೆ ಹೇಲು," ಎಂದು ತನ್ನ ಪ್ರಾಸಕ್ಕೆ ತಾನೇ ಕಿಸಕ್ಕನೆ ನಕ್ಕ.

ಅವಳಿಗೆ ಸಿಟ್ಟೂ ಬರಲಿಲ್ಲ. ಇಂಥವನ ಮುಂದೆ ಇಷ್ಟು ದಿನ ಕೈಮುಗಿದೆವಲ್ಲ ಎಂದು ಹೇಸಿಗೆಯಾಯಿತು. ಯಂತ್ರ ಕೂರಿಸಿದವರು ಬಿಟ್ಟುಹೋಗಿದ್ದ ಸಲಾಕೆಯೊಂದು ಗೋಡೆಗೆ ಒರಗಿತ್ತು. ಅದನ್ನೆತ್ತಿಕೊಂಡು, ನಾದಿನಿಯ ಕೈ ಹಿಡಿದು ಕಕ್ಕಸಿನ ಕಡೆ ನಡೆದಳು. ಹೆಂಗಸರ ಸಾಲಿಗೆ ಸಾಲೇ ಹಿಂದೆ ಬಂತು. ನಾಲ್ಕಾರು ಏಟಿಗೆ ಚಿಲಕ ಗಾರೆ ಸಮೇತ ಕಿತ್ತು ಬಂತು. ಸದ್ದಿಗೆ ಕವಿಗಳು ಮಾತು ನಿಲ್ಲಿಸಿದರು. ಅತಿಥಿಗಳು ಕುರ್ಚಿಯಲ್ಲೇ ತಿರುಗಿದರು.

ಮೇಸ್ತ್ರಿ ಓಡಿಬಂದು, ನಾಳೆಯಿಂದ ಒಬ್ಬಳಿಗೂ ಕೆಲಸವಿಲ್ಲ ಎಂದು ಅರಚಿದ. ಅಷ್ಟರಲ್ಲಿ ನಾದಿನಿ ಒಳಗೆ ಹೋಗಿದ್ದಳು. ಅತ್ತಿಗೆ ಸಲಾಕೆ ಅಡ್ಡ ಹಿಡಿದು ಬಾಗಿಲಲ್ಲಿ ನಿಂತು, ತಮ್ಮದೇ ಧಾಟಿಯಲ್ಲಿ ಎತ್ತರದ ದನಿ ತೆಗೆದಳು:

"ಊಟಕ್ಕೊಂದು ಗಂಟೆಯಂತೆ, ಉಚ್ಚೆಗೊಂದು ಗಂಟೆಯಂತೆ,
ಯಜಮಾನನ ಉಚ್ಚೆಗೆ ಗಂಟೆ ಹೊಡೆಯೋನ್ಯಾರಂತೆ?"

ಉಳಿದವರು ಅದನ್ನೇ ತಿರುಗಿಸಿ ಹಾಡಿದರು. ಅತಿಥಿಗಳಲ್ಲೊಬ್ಬರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ, ಯಜಮಾನರ ಮುಖ ನೋಡಿ ಕೈ ಮಡಚಿಕೊಂಡರು. ಯಜಮಾನರು ಪೊಲೀಸರಿಗೆ ಫೋನು ಹಚ್ಚಿ ಗೇಟಿನತ್ತ ನೋಡುತ್ತಿದ್ದರು. ಕಕ್ಕಸಿನ ಮುಂದಿನ ಸಾಲು ಕದಲಲಿಲ್ಲ.