ಕಂಬಕ್ಕೆ ಎಟುಕದ ನೀರು

ಹನ್ನೊಂದು ತಿಂಗಳಿಂದ ಎಂಜಿನಿಯರ್ ಏಕಾಂತಯ್ಯ ಒಂದೇ ವರದಿಗೆ ಜೋತುಬಿದ್ದಿದ್ದ. ಘಟ್ಟದ ಹೊಳೆಯೊಂದಕ್ಕೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುವ ಯೋಜನೆ. ಎಂಥ ಕೆಟ್ಟ ಬೇಸಿಗೆ ಬಂದರೂ ಯಂತ್ರ ನಿಲ್ಲದ ಹಾಗೆ ಎಷ್ಟು ನೀರು ಕೂಡಿಡಬೇಕು ಅನ್ನುವುದನ್ನು ಅವನು ಹೇಳಬೇಕಿತ್ತು. ಹೊಳೆಯಲ್ಲಿ ನೆಟ್ಟ ಅಳತೆಯ ಕಂಬ ನೋಡಿ ಮೂವತ್ತು ವರ್ಷ ದಿನವೂ ಪುಸ್ತಕದಲ್ಲಿ ಬರೆದಿಟ್ಟ ನೀರಿನ ಮಟ್ಟವೇ ಅದಕ್ಕೆ ಆಧಾರ. ೧೯೬೩ರ ಡಿಸೆಂಬರಿನ ಆ ಸೋಮವಾರ ವರದಿ ಮೇಲಕ್ಕೆ ಹೋಗಬೇಕಿತ್ತು. ಆಮೇಲೆ ರಜೆ ಹಾಕಿ ದಾವಣಗೆರೆಗೆ ಹೋಗೋಣವೆಂದು ಹೆಂಡತಿ ಸರ್ವಮಂಗಳಾ ಟ್ರಂಕು ತುಂಬಿಟ್ಟಿದ್ದಳು.

ಶನಿವಾರ ಮಧ್ಯಾಹ್ನ, ಆಫೀಸಿನಲ್ಲಿ ಲೆಕ್ಕ ಕೂಡುವ ಜಯಶೀಲಾ ಎರಡು ಹಾಳೆ ಹಿಡಿದು ಬಂದಳು.

"ಸಾರ್, ನಲವತ್ತೆಂಟರ ಬೇಸಿಗೆ, ಐವತ್ತೆರಡರ ಬೇಸಿಗೆ ಎರಡೂ ಒಂದೇ ಇದೆ. ನಲವತ್ತಾರು ದಿನ, ಒಂದು ಅಂಗುಲಾನೂ ವ್ಯತ್ಯಾಸ ಇಲ್ಲ."

ಏಕಾಂತಯ್ಯ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಹೊಳೆ ಹಾಗೆ ಹರಿಯುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು.

ಹೊಳೆಯ ಹತ್ತಿರವೇ ಇದ್ದು ಆ ಪುಸ್ತಕಗಳನ್ನು ಬರೆದ ಚಿಕ್ಕಬೈರಪ್ಪ ನಿವೃತ್ತನಾಗಿ ಸ್ವಂತ ಊರು ಚಿಕ್ಕಲಸಂದ್ರಕ್ಕೆ ಬಂದು ಸೇರಿದ್ದ. ಭಾನುವಾರ ಬೆಳಿಗ್ಗೆ ಏಕಾಂತಯ್ಯ ಜಯನಗರದಿಂದ ಸೈಕಲ್ ತುಳಿದ. ಬನಶಂಕರಿ ಗುಡಿ ದಾಟಿದ ಮೇಲೆ ಬರೀ ಹೊಲ, ಮಣ್ಣಿನ ದಾರಿ. ಅರ್ಧಕ್ಕೇ ಇಳಿದು ತಳ್ಳಿಕೊಂಡು ನಡೆದ.

ಮುದುಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ. ಬಂದವರು ಯಾರು, ಯಾಕೆ ಬಂದರು ಅಂತ ತಿಳಿದ ಮೇಲೆ ಅವನ ಕೈ ನಿಂತಿತು.

"ಐವತ್ತೆರಡರ ಬೇಸಿಗೇಲಿ ಕಂಬ ನೋಡ್ಲಿಲ್ವಾ ಯಜಮಾನ್ರೇ?"

"ದಿನಾ ನೋಡ್ದೆ ಸ್ವಾಮಿ. ಒಂದಿನಾನೂ ತಪ್ಪಿಸ್ಲಿಲ್ಲ. ನೀರೇ ಕಂಬಕ್ಕೆ ಎಟುಕ್ತಿರ್ಲಿಲ್ಲ. ಹೊಳೆ ಆಚೆ ಮಗ್ಗುಲಿಗೆ ಸರಿದು ಎಳೆಯಂಗೆ ಹರೀತಿತ್ತು. ಕೆಳಗೆ ಇನ್ನೊಂದು ಕಂಬ ನೆಡ್ಸಿ ಅಂತ ಎರಡು ಸಲ ಅರ್ಜಿ ಕೊಟ್ಟೆ, ಯಾರೂ ಬರ್ಲಿಲ್ಲ. ಸೊನ್ನೆ ಬರೆದ್ರೆ, ಮನೇಲಿ ಮಲಗಿ ಬರೀತೀಯೇನೋ ಅಂತ ಆಗಿನ ಸಾಹೇಬ್ರು ಪುಸ್ತಕ ಎಸೆದ್ರು. ಖಾಲಿ ಬಿಟ್ರೆ ಕೆಲ್ಸ ಹೋಗುತ್ತೆ ಅಂದ್ರು. ನಲವತ್ತೆಂಟರ ಹಳೇ ಪುಸ್ತಕ ಇತ್ತು, ನೋಡ್ಕೊಂಡು ಬರೆದ್ಬಿಟ್ಟೆ." ಅವರೆಕಾಯಿ ಬದಿಗೆ ಸರಿಸಿ ಕೇಳಿದ: "ಈಗ ನನ್ನನ್ನ ಏನಾದ್ರೂ ಮಾಡ್ತಾರಾ?"

"ಇಲ್ಲ. ಎಳೆ ಅಂದ್ರಲ್ಲ, ಎಷ್ಟು ಅಗಲ?"

ಮುದುಕ ಎದ್ದು ಅಂಗಳದಲ್ಲಿ ಏಳು ಹೆಜ್ಜೆ ನಡೆದು ತೋರಿಸಿದ. "ಇಷ್ಟು. ಮೊಣಕಾಲೂ ಮುಳುಗ್ತಿರ್ಲಿಲ್ಲ." ಏಕಾಂತಯ್ಯ ಜೇಬಿನ ಪುಸ್ತಕದಲ್ಲಿ ಬರೆದುಕೊಂಡ. ಬರೆಯುತ್ತಿದ್ದ ಹಾಗೇ ಹನ್ನೊಂದು ತಿಂಗಳ ಕೆಲಸ ನೀರಾಗಿ ಹೋಯಿತು ಅನ್ನಿಸಿತು. ಮುದುಕನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ತ್ರಾಣ ಇರಲಿಲ್ಲ.

ಸೋಮವಾರ ವಿಷಯವೆಲ್ಲ ಕೇಳಿ ಆಫೀಸಿನ ಸಾಹೇಬರು ಕೂತಲ್ಲಿಂದಲೇ ಹೇಳಿದರು: "ಮೂವತ್ತರಲ್ಲಿ ಒಂದು ಬೇಸಿಗೆ ಕಣ್ರೀ. ಅದನ್ನ ಕೈಬಿಟ್ಟು ಇಪ್ಪತ್ತೊಂಬತ್ತು ವರ್ಷ ಅಂತ ಬರೆದು ಕಳಿಸಿ."

"ಸಾರ್, ಅಂಥ ಒಂದು ಬೇಸಿಗೆಗೋಸ್ಕರಾನೇ ಅಲ್ವಾ ನಾವು ನೀರು ಕೂಡಿಡೋದು?"

ಸಾಹೇಬರು ಫೈಲು ಅವನ ಕಡೆ ತಳ್ಳಿದರು. "ಒಂದು ತಿಂಗಳು ಕೊಡ್ತೀನಿ. ತಡ ಆಗಿದ್ದಕ್ಕೆ ನಿಮಗೊಂದು ನೋಟೀಸೂ ಬರುತ್ತೆ."

ಸರ್ವಮಂಗಳಾ ಟ್ರಂಕಿನಿಂದ ಸೀರೆಗಳನ್ನು ತೆಗೆದಿಟ್ಟಳು.

ಮುದುಕ ಹೇಳಿದ ಅಗಲ, ಆಳ ಹಿಡಿದು ಏಕಾಂತಯ್ಯನೂ ಜಯಶೀಲಾಳೂ ಮೊದಲಿನಿಂದ ಲೆಕ್ಕ ಹಾಕಿದರು. ಕೊನೆಗೆ ಎರಡು ದಾರಿ ಉಳಿಯಿತು. ಅಣೆಯನ್ನು ಏಳಡಿ ಎತ್ತರಿಸಿದರೆ ಹದಿನಾಲ್ಕು ಮನೆಯ ಇನ್ನೊಂದು ಊರು ಮುಳುಗುತ್ತದೆ. ಬೇಡವೆಂದರೆ, ಕೊಡುತ್ತೇವೆಂದ ಕರೆಂಟಿನಲ್ಲಿ ಕಾಲುಭಾಗ ಇಲ್ಲ. ಎರಡನ್ನೂ ಬರೆದು, ಕರೆಂಟೇ ಕಡಿಮೆಯಾಗಲಿ ಎಂದು ಏಕಾಂತಯ್ಯ ಶಿಫಾರಸು ಮಾಡಿದ. ಸಾಹೇಬರು ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದರು.

"ಮೇಲಿನವರು ಒಪ್ತಾರಾ ಸಾರ್?" ಎಂದಳು ಜಯಶೀಲಾ.

"ಗೊತ್ತಿಲ್ಲಮ್ಮ. ನಮ್ಮ ಕೈಲಿದ್ದದ್ದು ಇಷ್ಟು."

ಆ ಸಂಜೆ ಬಸ್ಸಿನಲ್ಲಿ ಕೂತವನಿಗೆ ಹಾಗೇ ನಿದ್ದೆ ಹತ್ತಿತು. ಅವನ ಸ್ಟಾಪು ದಾಟಿಹೋಗಿ, ಕೊನೆಯ ಸ್ಟಾಪಿನಲ್ಲಿ ಕಂಡಕ್ಟರು ಭುಜ ತಟ್ಟಿ ಎಬ್ಬಿಸಿದ. ಇಳಿದವನು ಮನೆ ಕಡೆ ನಿಧಾನವಾಗಿ ಹಿಂದಕ್ಕೆ ನಡೆದ.