ಜೀವಂತರ ಸಾಲಿನ ಗೆರಾಸಿಮ್

ತೀರಿಕೊಂಡವರ ಹೆಸರನ್ನು ಎಡಗಡೆಯಿಂದ ಬಲಗಡೆಗೆ ಸಾಗಿಸುವುದು ಸಾಲ್ಚೆನಿ ಊರಿನಲ್ಲಿ ಹೆಂಗಸರ ಕೆಲಸ. ಪ್ರಾರ್ಥನೆಗೆಂದು ಇಗರ್ಜಿಗೆ ಕೊಡುವ ಹೆಸರಿನ ಕಾಗದದ ನೆತ್ತಿಯಲ್ಲಿ ಕೆಂಪು ಶಾಯಿಯ ಶಿಲುಬೆ, ನಡುವೆ ಉದ್ದಕ್ಕೆ ಒಂದು ಗೆರೆ. ಎಡಕ್ಕೆ ಬದುಕಿರುವವರು, ಬಲಕ್ಕೆ ಸತ್ತವರು. ಮನೆತನದ ಹೆಸರು ಬೇಡ, ಜ್ಞಾನಸ್ನಾನದಲ್ಲಿ ಇಟ್ಟ ಹೆಸರೊಂದಿದ್ದರೆ ದೇವರಿಗೆ ಗುರುತು ಸಿಗುತ್ತದೆ. ಬದುಕಿರುವವರ ಹೆಸರುಗಳನ್ನು ಪಾದ್ರಿಗಳು ಪೂಜಾಪೀಠದ ಮರೆಯಲ್ಲಿ ನಿಂತು ಪಿಸುದನಿಯಲ್ಲಿ ಓದುತ್ತಾರೆ. ಸತ್ತವರ ಹೆಸರುಗಳನ್ನು ತಿಥಿಯ ದಿನ ಗಟ್ಟಿಯಾಗಿಯೇ ಓದುತ್ತಾರಾದರೂ, ಇನ್ನೂರು ಹೆಸರುಗಳ ಓಟದಲ್ಲಿ ತಮ್ಮವರ ಹೆಸರೊಂದನ್ನು ಬಿಟ್ಟು ಬೇರೆ ಯಾವುದೂ ಯಾರ ಕಿವಿಗೂ ಬೀಳುವುದಿಲ್ಲ.

ಅಜ್ಜಿ ಜಂಫೀರಾ ತೀರಿಕೊಂಡು ಮೂವತ್ತೊಂಬತ್ತನೆಯ ದಿನ, ಶುಕ್ರವಾರ ಬೆಳಿಗ್ಗೆ, ಮೊಮ್ಮಗಳು ವೆತೂರಿಯಾ ಈ ಕೆಲಸಕ್ಕೆ ಕುಳಿತಳು. ಮಾರನೆಯ ದಿನ ನಲವತ್ತನೆಯ ದಿನದ ತಿಥಿ. ಸಂಜೆಯ ಪ್ರಾರ್ಥನೆಯೊಳಗೆ ಕಾಗದ ಪಾದ್ರಿಗಳ ಕೈ ಸೇರಬೇಕಿತ್ತು.

ಮೂರು ದಿನಗಳ ಹಿಂದೆ ಅವಳು ಬಸ್ಸಿಳಿದು ಬಂದಾಗ ಬೇಲಿಯ ಬಳಿ ನಾಲ್ಕು ಹೆಂಗಸರು ಅವಳ ಅಳುವಿಗಾಗಿ ಕಾದಿದ್ದರು. ಬಾವಿಯ ಹಗ್ಗವನ್ನು ಯಾರಾದರೂ ಬದಲಾಯಿಸಿದ್ದಾರೆಯೇ ಎಂದು ಅವಳು ಕೇಳಿದಳು. ಇಟಲಿಯ ನೀರು ಕುಡಿದವರ ಕಣ್ಣು ಬತ್ತಿಹೋಗುತ್ತದೆಂದು ಒಬ್ಬಳು ಇನ್ನೊಬ್ಬಳಿಗೆ, ಇವಳಿಗೂ ಕೇಳಿಸುವಷ್ಟು ಮೆಲ್ಲಗೆ, ಹೇಳಿದಳು. ನಿಜವಿದ್ದರೂ ಇರಬಹುದು ಎಂದು ವೆತೂರಿಯಾಳಿಗೆ ಅನ್ನಿಸಿತು. ಹನ್ನೊಂದು ವರ್ಷ ಅವಳು ಇಟಲಿಯಲ್ಲಿ ಕಂಡವರ ಮನೆಯ ಮುದುಕರನ್ನು ಎಬ್ಬಿಸಿ, ತೊಳೆದು, ಉಣಿಸಿ, ಮಲಗಿಸಿದ್ದಳು. ಅಜ್ಜಿ ಹೋದಳೆಂಬ ಸುದ್ದಿ ಫೋನಿನಲ್ಲಿ ಬಂದಾಗ ಅವಳ ಕೈಯಲ್ಲಿ ಚಮಚವಿತ್ತು, ಎದುರಿಗೆ ಒಬ್ಬ ಮುದುಕನ ತೆರೆದ ಬಾಯಿಯಿತ್ತು; ಅವಳು ಗಂಜಿಯನ್ನು ಕೊನೆಯ ತುತ್ತಿನವರೆಗೂ ಉಣಿಸಿದಳು. ಬದಲಿಗೆ ಬೇರೊಬ್ಬಳು ಸಿಗಲಿಲ್ಲ, ಹಾಗಾಗಿ ಮಣ್ಣಿಗೆ ಬರಲಾಗಲಿಲ್ಲ. ಸಾಕಿ ಬೆಳೆಸಿದ ಅಜ್ಜಿಗಾಗಿ ಮಾಡುವುದೆಂದು ಇನ್ನು ಉಳಿದದ್ದು ಈ ಕಾಗದವೊಂದೇ. ಇದನ್ನಾದರೂ ಅಜ್ಜಿ ಒಪ್ಪುವ ಹಾಗೆ ಬರೆಯಬೇಕು ಎಂಬುದೊಂದು ಮಾತ್ರ ಅವಳೊಳಗೆ ಸ್ಪಷ್ಟವಾಗಿತ್ತು. ಉಳಿದದ್ದೆಲ್ಲ ಚಳಿಯಲ್ಲಿ ಮರಗಟ್ಟಿದ ಬೆರಳಿನ ಹಾಗೆ ತನ್ನದಾಗಿದ್ದೂ ತನ್ನದಲ್ಲವಾಗಿತ್ತು.

ಅಜ್ಜಿ ಕೊನೆಯ ಬಾರಿ ಬರೆದ ಕಾಗದ ಪ್ರಾರ್ಥನೆಯ ಪುಸ್ತಕದೊಳಗೆ ಸಿಕ್ಕಿತು. ಬಲಗಡೆ ಹತ್ತೊಂಬತ್ತು ಹೆಸರು. ಅಪ್ಪ ತೋಮಾ ಅಲ್ಲಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಇನ್ನೊಂದು ಮದುವೆಯಾಗಿ ಹೋದ ಅಮ್ಮನನ್ನು ಅಜ್ಜಿ ಎಡಕ್ಕೂ ಬರೆದಿರಲಿಲ್ಲ, ಬಲಕ್ಕೂ ಬರೆದಿರಲಿಲ್ಲ. ಎಡಗಡೆ ನಾಲ್ಕೇ ಹೆಸರು: ಜಂಫೀರಾ, ಗೆರಾಸಿಮ್, ವೆತೂರಿಯಾ, ಸಾಫ್ತಾ.

ಗೆರಾಸಿಮ್ ಅಜ್ಜನ ಹೆಸರು. ಸರ್ಕಾರಕ್ಕೆ ಒಪ್ಪಿಸದೆ ಕಣದ ಗೋಧಿಯನ್ನು ಬಚ್ಚಿಟ್ಟನೆಂದು ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಅವನನ್ನು ಕೈದಿಯಾಗಿ ಹಿಡಿದು ಡಾನ್ಯೂಬಿನ ಕಾಲುವೆ ಅಗೆಯಲು ಒಯ್ದಿದ್ದರು. ಅಲ್ಲೇ ಸತ್ತ ಎಂಬುದು ಮನೆಯ ಕಥೆ. ಗೋರಿಗಳ ನಡುವೆ ಅವನ ಹೆಸರಿನ ಓಕ್ ಮರದ ಶಿಲುಬೆಯಿತ್ತು. ಕೆಳಗೆ ಬರೀ ಮಣ್ಣು. ವರ್ಷವರ್ಷವೂ ಅಜ್ಜಿ ಅವನ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ ಆಕ್ರೋಟ ಬೆರೆಸಿ, ಸತ್ತವರ ಪಾಲೆಂದು ಊರಿಗೆಲ್ಲ ಹಂಚುತ್ತಿದ್ದಳು. ಶಾಲೆಯಲ್ಲಿ ಅಕ್ಷರ ದುಂಡಗಾದ ವರ್ಷ ವೆತೂರಿಯಾ, ಈ ಸಲ ಕಾಗದ ನಾನು ಬರೆದುಕೊಡುತ್ತೇನೆಂದು ಕೈ ಚಾಚಿದ್ದಕ್ಕೆ ಅಜ್ಜಿ ಆ ಕೈಗೆ ಬಾರಿಸಿದ್ದಳು. ಯಾಕೆಂದು ಆಗ ತಿಳಿದಿರಲಿಲ್ಲ.

ಪಕ್ಕದ ಮನೆಯ ಸಾಫ್ತಾ, ಅಜ್ಜಿಯ ಓರಗೆಯವಳು, ಅಂಗಳದಲ್ಲಿ ದೊಡ್ಡ ಹಂಡೆಯಿಟ್ಟು ಪ್ಲಮ್ ಹಣ್ಣಿನ ಪಾಕ ಕಾಯಿಸುತ್ತಿದ್ದಳು. ಆ ಪಾಕವನ್ನು ಒಲೆಗಿಟ್ಟರೆ ಸಂಜೆಯವರೆಗೆ ಬಿಟ್ಟೇಳುವಂತಿಲ್ಲ. ವೆತೂರಿಯಾ ಕಾಗದ ತೋರಿಸುತ್ತಲೇ ಮುದುಕಿ ಮರದ ಸೌಟನ್ನು ಅವಳ ಕೈಗೆ ಕೊಟ್ಟು ಕಲ್ಲಿನ ಮೇಲೆ ಕುಳಿತಳು.

"ತಿರುವ್ತಾ ಇರು. ತಳ ಹಿಡಿದ್ರೆ ನಿಮ್ಮಜ್ಜಿ ಅಲ್ಲಿಂದಲೇ ಬೈತಾಳೆ."

ಸಾಫ್ತಾ ಸುತ್ತು ಬಳಸಲಿಲ್ಲ. ಅವಳ ಗಂಡ ಇಲಿಯೆಯೂ ಗೆರಾಸಿಮನೂ ಒಂದೇ ಗುಡಾರದಲ್ಲಿದ್ದವರು. ಐವತ್ಮೂರರಲ್ಲಿ ಕಾಲುವೆಯ ಕೆಲಸ ನಿಂತು ಬಿಡುಗಡೆಯಾದಾಗ ಇಲಿಯೆ ಊರಿಗೆ ಬಂದ, ಗೆರಾಸಿಮ್ ಬರಲಿಲ್ಲ. ಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ, ಮೀನುಗಾರನೊಬ್ಬನ ವಿಧವೆಯ ಮನೆಯಲ್ಲಿ ಉಳಿದುಬಿಟ್ಟ. ಇಲಿಯೆ ಈ ಮಾತನ್ನು ಸಾಫ್ತಾ, ಜಂಫೀರಾ ಇಬ್ಬರ ಮುಂದೆ ಒಮ್ಮೆ ಹೇಳಿದವನು ಸಾಯುವವರೆಗೆ ಮತ್ತೆ ಬಾಯಿ ಬಿಡಲಿಲ್ಲ. ಮರುವಾರವೇ ಜಂಫೀರಾ ಬಡಗಿಗೆ ಹೇಳಿ ಶಿಲುಬೆ ಮಾಡಿಸಿದಳು.

"ಗಂಡ ಬಿಟ್ಟೋಳು ಅಂದ್ರೆ ಊರ ಗಂಡಸ್ರೆಲ್ಲ ಬಾಗಿಲು ತಟ್ತಾರೆ ಮಗಳೇ. ಗಂಡ ಸತ್ತೋಳು ಅಂದ್ರೆ ಅದೇ ಗಂಡಸ್ರು ಟೋಪಿ ತೆಗೀತಾರೆ."

ಆದರೆ ಬದುಕಿರುವವನ ಹೆಸರನ್ನು ಸತ್ತವರ ಕಡೆ ಬರೆದರೆ ಅವನು ಸೊರಗಿ ಸೊರಗಿ ಸಾಯುತ್ತಾನೆ. ಆಗದವರ ಮೇಲೆ ಬೇಕೆಂದೇ ಹಾಗೆ ಬರೆದುಕೊಟ್ಟ ಹೆಂಗಸರು ಊರಿನಲ್ಲಿದ್ದರು. ಜಂಫೀರಾ ಹಾಗೆ ಮಾಡಲಿಲ್ಲ. ಊರಿಗೆ ಸುಳ್ಳು ಹೇಳಬಹುದು, ಕಾಗದಕ್ಕೆ ಹೇಳಲಾಗದು ಎನ್ನುತ್ತಿದ್ದಳಂತೆ. ಊರಿಗೆ ಸತ್ತವನು ಕಾಗದದಲ್ಲಿ ಬದುಕಿದ್ದ.

ಹಾಗಾದರೆ ಅವನು ಈಗಲೂ ಇದ್ದಾನೆಯೇ ಎಂದು ವೆತೂರಿಯಾ ಕೇಳಿದಳು. ಮಾರುಕಟ್ಟೆಯಲ್ಲಿ ಈರುಳ್ಳಿ ಇದೆಯೇ ಎಂದು ಕೇಳಿದಂತಿತ್ತು ಅವಳ ದನಿ.

ಇಲ್ಲ. ಎಂಬತ್ತೆಂಟರಲ್ಲಿ ಆ ಮೀನುಗಾರ್ತಿಯಿಂದ ಒಂದು ಹಾಳೆಯ ಪತ್ರ ಬಂದಿತ್ತು: ನದಿಯ ಹಿಮ ಒಡೆಯುವ ಹೊತ್ತಿಗೆ ಹೋದ, ನರಳಲಿಲ್ಲ. ಜಂಫೀರಾ ಅದನ್ನು ಓದಿ, ಒಲೆಗೆ ಹಾಕಿ, ಅದೇ ಒಲೆಯಲ್ಲಿ ರೊಟ್ಟಿ ಸುಟ್ಟಳು. ಆ ವರ್ಷದ ಉಪವಾಸದ ದಿನಗಳಲ್ಲಿ ಕಾಗದ ಬರೆಯುವಾಗ ಅವನನ್ನು ಮತ್ತೆ ಎಡಗಡೆಯೇ ಬರೆದಳು. ಸಾಫ್ತಾ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು.

"ಅದಕ್ಕೆ ಏನಂದ್ಲು ಗೊತ್ತಾ? ಬದುಕಿದ್ದೋನಿಗೆ ಮೂವತ್ತೈದು ವರ್ಷ ಸತ್ತೋರ ಗೋಧಿ ಹಾಕಿದೀನಿ ಸಾಫ್ತಾ, ಈಗ ಸತ್ತೋನು ಮೂವತ್ತೈದು ವರ್ಷ ಬದುಕಿರೋರ ಸಾಲಲ್ಲಿ ನಿಂತ್ಕೊಳ್ಲಿ, ಅಂದ್ಲು. ಇಪ್ಪತ್ಮೂರು ಆಯ್ತು. ಇನ್ನೂ ಹನ್ನೆರಡು ಇದೆ, ಇವಳೇ ಹೋದ್ಲು."

"ಅದು ಸಿಟ್ಟಾ, ದೊಡ್ಡಮ್ಮಾ?"

"ನನಗೇನು ಗೊತ್ತು? ಕೇಳಿದ್ರೆ ಸೌಟು ತಗೊಂಡು ಬರ್ತಿದ್ಲು."

ಪಾದ್ರಿ ಮೀರೋನ್ ಈ ಊರಿಗೆ ಬಂದು ಹದಿನೈದು ವರ್ಷವಾಗಿತ್ತು. ಮಧ್ಯಾಹ್ನ ಅವರು ಇಗರ್ಜಿಯ ಮೆಟ್ಟಿಲು ಗುಡಿಸುತ್ತಿದ್ದಾಗ ವೆತೂರಿಯಾ ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದಳು. ಅವರು ಪೊರಕೆಗೆ ಒರಗಿ ನಿಂತರು. ಎಡಗಡೆಯ ಗೆರಾಸಿಮ್ ಎಂದರೆ ಅಜ್ಜನ ಹೆಸರಿಟ್ಟುಕೊಂಡು ಇಟಲಿಯಲ್ಲಿರುವ ಇವಳ ಮಗನೆಂದೇ ಅವರು ನಂಬಿದ್ದರು. ಅವನ ಪರೀಕ್ಷೆಗೆಂದು ಎರಡು ಸಲ ಪ್ರತ್ಯೇಕ ಪ್ರಾರ್ಥನೆಯನ್ನೂ ಸಲ್ಲಿಸಿದ್ದರು. ತನಗೆ ಮಕ್ಕಳಿಲ್ಲವೆಂದು ವೆತೂರಿಯಾ ಹೇಳಿದಳು.

"ಇಷ್ಟು ವರ್ಷ ಓದಿದೀರಲ್ಲ ಸ್ವಾಮಿ, ಇನ್ನು ಹನ್ನೆರಡು ವರ್ಷ ಓದಿ. ಅಜ್ಜಿ ಮಾತು ನಡೀಲಿ."

"ಗೊತ್ತಿಲ್ದೆ ಓದಿದ್ದು ದೇವರು ನೋಡ್ಕೊಳ್ತಾನೆ. ಗೊತ್ತಿದ್ದೂ ಓದಿದ್ರೆ ಅದು ನನ್ನ ತಲೆಗೆ ಬರುತ್ತೆ. ಸತ್ತೋರಿಗೆ ಆರೋಗ್ಯ ಕೊಡು ಅಂತ ಯಾವ ಬಾಯಲ್ಲಿ ಕೇಳ್ಲಿ?"

ಅವರು ಕೆಟ್ಟವರಲ್ಲ. ದಾರಿಯನ್ನೂ ಅವರೇ ತೋರಿಸಿದರು: ಬಲಗಡೆ ಜಂಫೀರಾ ಎಂದು ಬರೆದು ಅದರ ಕೆಳಗೇ ಗೆರಾಸಿಮ್ ಎಂದು ಬರೆಯಲಿ, ಗಂಡಹೆಂಡಿರು ಕಡೆಗಾದರೂ ಒಟ್ಟಿಗಿರಲಿ; ಇಲ್ಲವೇ ಹೆಸರನ್ನೇ ಬಿಟ್ಟುಬಿಡಲಿ, ಬಿಡುವುದು ತಪ್ಪಲ್ಲ. ಇಷ್ಟು ಹೇಳಿ ಅವರು ಗುಡಿಸುವುದನ್ನು ಮುಂದುವರಿಸಿದರು.

ವೆತೂರಿಯಾ ಮೆಟ್ಟಿಲಿನ ಮೇಲೆ ಬಹಳ ಹೊತ್ತು ಕುಳಿತಳು. ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕಾದದ್ದೂ ಉಂಟು; ಬರಲಿಲ್ಲ. ಒಟ್ಟಿಗೆ ಬರೆದರೆ ಅಜ್ಜಿ ಐವತ್ತೆಂಟು ವರ್ಷ ಹಿಡಿದ ಹಟವನ್ನು, ಅವಳ ಮಣ್ಣಿಗೂ ಬಾರದ ಮೊಮ್ಮಗಳು ಒಂದೇ ಗೀಟಿನಲ್ಲಿ ಅಳಿಸಿದಂತೆ. ಬಿಟ್ಟೇಬಿಡೋಣವೆಂದರೆ, ಅದು ಅಜ್ಜಿಗೆ ತಿಳಿಯದ ವಿದ್ಯೆಯೇ? ಅಮ್ಮನನ್ನು ಬಿಟ್ಟವಳು ಇವನನ್ನೂ ಎಂದೋ ಬಿಡಬಹುದಿತ್ತು. ಬಿಟ್ಟಿರಲಿಲ್ಲ. ಒಂದು ವರ್ಷವೂ ಬಿಟ್ಟಿರಲಿಲ್ಲ.

ಸಂಜೆ ಅವಳು ಎರಡು ಕಾಗದ ತಂದಳು. ಮೊದಲನೆಯದರಲ್ಲಿ ಅಜ್ಜಿಯ ಹೆಸರು ಬಲಗಡೆಗೆ ಬಂದಿತ್ತು, ಮಗ ತೋಮಾನ ಕೆಳಗೆ. ಗೆರಾಸಿಮ್ ಎಲ್ಲಿಯೂ ಇರಲಿಲ್ಲ. ಎರಡನೆಯದರಲ್ಲಿ ಬಲಗಡೆ ಗೆರಾಸಿಮ್ ಒಬ್ಬನೇ ಇದ್ದ. ಎಡಗಡೆ ಬಿಳಿ ಹಾಳೆ.

ಪಾದ್ರಿಗಳು ಅದನ್ನು ತಿರುಗಿಸಿ ನೋಡಿದರು.

"ಕೊಡೋರು ಯಾರು ಇದನ್ನ? ಎಡಗಡೆ ಒಂದು ಹೆಸರಾದ್ರೂ ಬೇಕಲ್ಲಮ್ಮ. ಸತ್ತೋನನ್ನ ನೆನೆಯೋರು ಅಂತ ಯಾರಾದ್ರೂ ಇರ್ಬೇಕು."

ಅವಳು ಪೆನ್ನು ಕೇಳಿ ಪಡೆದಳು. ಕಂಡಿಲ್ಲದ, ದನಿ ಕೇಳಿಲ್ಲದ, ಅಜ್ಜಿಗೆ ಬೆನ್ನು ತಿರುಗಿಸಿದ ಆ ಮನುಷ್ಯನಿಗಾಗಿ ತನ್ನೊಳಗೆ ಏನಾದರೂ ಇದೆಯೇ ಎಂದು ತಡಕಿ ನೋಡಿದಳು, ಏನೂ ಇರಲಿಲ್ಲ. ಆದರೂ ಎಡಗಡೆ ವೆತೂರಿಯಾ ಎಂದು ಬರೆದಳು.

"ನಾನೇ ಕೊಡೋದು ಸ್ವಾಮಿ. ಮೊಮ್ಮಗಳು."

ಶನಿವಾರ ಇಗರ್ಜಿ ಅರ್ಧ ತುಂಬಿತ್ತು. ಹೆಸರುಗಳು ಓಡತೊಡಗಿದವು. ಜಂಫೀರಾ ಎಂಬುದು ಬಂತು, ಹೋಯಿತು. ಬೇರೆ ಮನೆಗಳ ಸತ್ತವರು ಒಬ್ಬರ ಹಿಂದೊಬ್ಬರು ಬಂದರು. ಬಹಳ ಹೊತ್ತಿನ ಮೇಲೆ, ಬಹುತೇಕ ಕೊನೆಯಲ್ಲಿ, ಗೆರಾಸಿಮ್. ಸಾಫ್ತಾ ತಲೆವಸ್ತ್ರ ಸರಿಪಡಿಸಿಕೊಳ್ಳುವ ನೆವದಲ್ಲಿ ಬಾಗಿದಳು.

"ದೂರ ಕೂರ್ಸಿದೀಯ. ಒಳ್ಳೇದಾಯ್ತು. ಹತ್ರ ಇದ್ದಿದ್ರೆ ಹೊಡೀತಿದ್ಲು."

ನೆನಪು ಸದಾ ಇರಲಿ ಎಂಬ ಹಾಡು ಎದ್ದಾಗ ಬೇಯಿಸಿದ ಗೋಧಿಯ ತಟ್ಟೆಯನ್ನು ಸುತ್ತ ನಿಂತವರು ಕೈಗೂಡಿಸಿ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕೈ ಎಟುಕದವರು ಮುಂದಿನವರ ಭುಜ ಹಿಡಿದರು. ವೆತೂರಿಯಾಳ ಭುಜದ ಮೇಲೂ ಯಾರದೋ ಕೈ ಬಂದು ಕುಳಿತಿತು. ಅದು ಯಾರದೆಂದು ಅವಳು ತಿರುಗಿ ನೋಡಲಿಲ್ಲ. ತಟ್ಟೆ ಅವಳು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಹಾಡು ಮೂರು ಸಲ ಮುಗಿಯುವವರೆಗೂ ಅವಳು ಹಿಡಿದೇ ಇದ್ದಳು.